ಷಡ್ಡಕನ ಬ್ರೇಕು, ನನ್ನ ಹೊಟ್ಟೆಕಿಚ್ಚು

ಒಂದೇ ಮನೆಗೆ ಅಳಿಯಂದಿರಾದ ಇಬ್ಬರು ಒಂದೇ ಥರದ ಗಾಡಿ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಇಂಥವು ಆಗುತ್ತಲೇ ಇರುತ್ತವೆ. ನಾನು ಪಾಲಹಳ್ಳಿಯವನು, ಗದ್ದೆ ಹಸು ನೋಡಿಕೊಂಡಿರುವ ದೊಡ್ಡಳಿಯ. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಶೀಳನೆರೆಯವನು. ಅತ್ತೆ ಮನೆ ನಾಗಮಂಗಲದ ಹತ್ತಿರದ ಹಳ್ಳಿ. ನಾನು ಆಸೆಪಟ್ಟು ಒಂದು ಹಳೇ ಎಸ್‌ಯುವಿ ಕೊಂಡೆ. ಸ್ವಲ್ಪ ದಿನಕ್ಕೆ ಅವನೂ ಅದೇ ಮಾಡೆಲ್ಲಿನ, ಅದೇ ಬಿಳಿ ಬಣ್ಣದ ಹಳೇ ಗಾಡಿ ತಂದ. ಬ್ರೇಕ್ ಹಾಕಿದರೆ ಅವನದು ಸುಮ್ಮನೆ ನಿಲ್ಲುತ್ತಿತ್ತು, ನನ್ನದು ಕಿರುಚಿ ನಿಲ್ಲುತ್ತಿತ್ತು. ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಕೋಳಿ ಸಾರು

ಅವನು ಹೋದಾಗಲೆಲ್ಲ ಅತ್ತೆ ಮನೆಯಲ್ಲಿ ನಾಟಿ ಕೋಳಿ ಸಾರು. ನಾನು ಹೋದರೆ ಮುದ್ದೆ, ಉಪ್ಸಾರು. ಒಂದು ಸಲ ಆಯಿತು, ಎರಡು ಸಲ ಆಯಿತು, ಸುಮ್ಮನಿದ್ದೆ. ಮೂರನೆಯ ಸಲ ಮುದ್ದೆ ಮುರಿಯುತ್ತಾ ಕೇಳಿಯೇಬಿಟ್ಟೆ.

“ಯಾಕತ್ತೆ, ಚಿಕ್ಕಳಿಯ ಬಂದ್ರೆ ಕೋಳಿ, ದೊಡ್ಡಳಿಯ ಬಂದ್ರೆ ಉಪ್ಸಾರಾ?”

ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. “ನಾನೇನ್ ಮಾಡ್ಲಿ ಅಳಿಮಯ್ಯ? ನೀವು ಊರ ಬಾಗ್ಲಲ್ಲಿ ಬ್ರೇಕ್ ಆಕುದ್ರೆ ಆ ಸದ್ದಿಗೆ ಕೋಳಿಗೊಳೆಲ್ಲ ಹುಲ್ಲಿನ ಮೆದೆ ಅತ್ಕಬುಡ್ತವೆ. ಕೈಗೆ ಸಿಕ್ಕುದ್ರೆ ತಾನೆ ಸಾರು?”

ಅಡ್ಡಗಲ್ಲು

ಹಿಂದಿನ ಚಕ್ರದೊಳಗೆ ಡ್ರಮ್ಮು ಅಂತ ಇರುತ್ತದೆ, ಕಬ್ಬಿಣದ ಬೋಗುಣಿ ಇದ್ದ ಹಾಗೆ. ಅದರೊಳಗಿನ ಬ್ರೇಕ್ ಶೂ ಅಗಲವಾಗಿ ಡ್ರಮ್ಮನ್ನು ಒತ್ತಿ ಹಿಡಿದರೆ ಗಾಡಿ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕು ಎಳೆದರೂ ಕೆಲಸ ಮಾಡಬೇಕಾದ್ದು ಆ ಶೂಗಳೇ. ನನ್ನವು ಸವೆದು ಹೋಗಿದ್ದರಿಂದ ಇಳಿಜಾರಿನಲ್ಲಿ ನಿಲ್ಲಿಸಬೇಕಾದರೆ ಚಕ್ರಕ್ಕೆ ಅಡ್ಡಗಲ್ಲು ಕೊಡಬೇಕಿತ್ತು. ಕಲ್ಲು ಗಾಡಿಯಲ್ಲೇ ಇರುತ್ತಿತ್ತು. ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯುವ ಹಾಗಿರಲಿಲ್ಲವಾದ್ದರಿಂದ ಕಲ್ಲಿನ ಕೆಲಸ ಹೆಂಡತಿಯದು.

ಪಾಂಡವಪುರದಲ್ಲಿ ಇಳಿಜಾರಿನ ಮೇಲಿರುವ ಸೀರೆ ಅಂಗಡಿಗೆ ಹೋದ ದಿನ ಷಡ್ಡಕನೂ ನಾದಿನಿಯೂ ಅಲ್ಲಿಗೇ ಬಂದರು. ನಾದಿನಿ ಸೆರಗು ಸರಿಮಾಡಿಕೊಂಡು ಇಳಿದಳು. ನನ್ನ ಹೆಂಡತಿ ರೇಷ್ಮೆ ಸೀರೆಯಲ್ಲಿ ಕಲ್ಲು ಎತ್ತಿಕೊಂಡು ಇಳಿದಳು. ಹೊಟ್ಟೆಕಿಚ್ಚು ನನಗೆ ಒಬ್ಬನಿಗೇ ಎಂದುಕೊಂಡಿದ್ದೆ, ಅವಳ ಮುಖ ನೋಡಿ ಅದು ಸುಳ್ಳಾಯಿತು.

“ನನ್ ತಂಗಿ ಹೂವ ಮುಡ್ಕೊಂಡು ಇಳೀತಾಳೆ, ನಾನು ಕಲ್ಲು ಒತ್ಕೊಂಡು ಇಳೀತೀನಿ. ನಿಮ್ಗೇನಾರ ಅನ್ಸ್ತದಾ?” ಎಂದಳು.

ನನಗೂ ಅನ್ನಿಸಿತು. ಮಾರನೆಯ ದಿನವೇ ಕಲ್ಲು ಬಿಸಾಕಿ, ಅವಳಿಗೆ ಭಾರವಾಗದ ಹಾಗೆ ಒಂದು ಮರದ ತುಂಡು ತಂದಿಟ್ಟೆ.

ಹರಕೆ

ಒಮ್ಮೆ ನನ್ನ ಗಾಡಿ ಕೆಟ್ಟು, ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಷಡ್ಡಕನ ಪಕ್ಕದಲ್ಲಿ ಕೂತು ಹೋಗಬೇಕಾಯಿತು. ದಾರಿಯುದ್ದಕ್ಕೂ ಅವನದು ಒಂದೇ ಮಾತು. “ನೋಡಿ ಅಣ್ಣ, ಬೆಣ್ಣೆಯಂಗೆ ನೈಸಾಗಿ ನಿಲ್ತದೆ.” ನನ್ನ ಹೊಟ್ಟೆ ಉರಿಯಿತು. ಮನಸ್ಸಿನಲ್ಲೇ ಮನೆದೇವರನ್ನು ನೆನೆದು, ‘ಈ ನನ್ಮಗನ ಬ್ರೇಕು ಒಂದೇ ಒಂದು ಸಲ ಕಿರುಗುಟ್ಟಲಿ, ನಿನಗೆ ಕಾಯಿ ಒಡೆಯುತ್ತೇನೆ’ ಎಂದು ಹರಕೆ ಕಟ್ಟಿಕೊಂಡೆ.

ಮುಂದಿನ ಇಳಿಜಾರಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಅವನು ಬ್ರೇಕ್ ಒತ್ತಿದ. ಕಿರ್ರ್! ನನ್ನ ಗಾಡಿಯ ಸದ್ದೇ. ಖುಷಿಗೆ ಚಪ್ಪಾಳೆ ತಟ್ಟಬೇಕೆಂದವನಿಗೆ, ಅದೇ ಗಾಡಿಯಲ್ಲಿ ನಾನೂ ಕೂತಿದ್ದೇನೆ ಎಂಬುದು ಆಗ ಹೊಳೆಯಿತು. “ದೇವ್ರೇ!” ಎಂದು ಕೂಗಿಕೊಂಡೆ. ಕೊನೆಯ ಕುರಿಯ ಬಾಲದ ಹತ್ತಿರ ಗಾಡಿ ನಿಂತಿತು.

ಆ ವಾರ ದೇವರಿಗೆ ಎರಡು ಕಾಯಿ ಒಡೆದೆ. ಒಂದು ಅದು ಕಿರುಗುಟ್ಟಿದ್ದಕ್ಕೆ, ಇನ್ನೊಂದು ನಿಂತಿದ್ದಕ್ಕೆ.

ಮೆಕ್ಯಾನಿಕ್ಕನ ಬುದ್ಧಿಮಾತು

ಅಷ್ಟರಲ್ಲಿ ಬಾಮೈದನ ಮದುವೆ ಬಂತು. ಮದುವೆ ಶ್ರೀರಂಗಪಟ್ಟಣದ ಛತ್ರದಲ್ಲಿ. ಗಂಡು ಯಾರ ಗಾಡಿಯಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಅತ್ತೆ ತೀರ್ಪು ಕೊಟ್ಟರು. “ಛತ್ರದ ಮುಂದೆ ಬೀಗ್ರು ನಿಂತಿರ್ತಾರೆ. ಯಾರ್ ಗಾಡಿ ಕಿರುಗುಟ್ದೆ ನಿಲ್ತದೋ ಅದ್ರಲ್ಲೇ ನನ್ ಮಗ.”

ಗಂಡಿನ ಗಾಡಿ ನನ್ನದೇ ಆಗಬೇಕು. ಷಡ್ಡಕನ ಗಾಡಿಗೆ ಹೂವಿನ ಹಾರ ಹಾಕುವುದನ್ನು ನೋಡಿಕೊಂಡು ಬದುಕಿರಲು ನನ್ನಿಂದಾಗದು. ಪಾಂಡವಪುರದ ಮೆಕ್ಯಾನಿಕ್ಕನ ಹತ್ತಿರ ಓಡಿದೆ. ಅವನ ಶೆಡ್ಡು ತುಂಬಿಹೋಗಿತ್ತು. ಹೊಸ ಶೂ ಕೊಡಿಸಿ, ಹಾಕುವುದನ್ನು ಹೇಳಿಕೊಟ್ಟ.

“ಒಂದ್ ಮಾತು ಅಣ್ಣ. ಎಲ್ಡೂ ಚಕ್ರ ಒಟ್ಗೆ ಬಿಚ್ಬೇಡಿ. ಒಂದು ಮುಗಿಸ್ಕೊಂಡು ಇನ್ನೊಂದಕ್ಕೆ ಕೈ ಆಕಿ. ಯಾವ್ ಸ್ಪ್ರಿಂಗು ಎಲ್ಲಿತ್ತು ಅಂತ ಮರ್ತೋದ್ರೆ, ಬಿಚ್ದೆ ಇರೋ ಚಕ್ರ ನೋಡ್ಕಬೋದು.”

“ಎಲ್ಡೂ ಒಟ್ಗೆ ಬಿಚ್ಚೋ ದಡ್ಡ ಯಾವನಯ್ಯ?” ಎಂದು ಜೋರಾಗಿ ನಕ್ಕೆ.

“ಅಂಗ್ ಬಿಚ್ದೋರೆಲ್ಲ ಮೊದ್ಲು ಇಂಗೇ ನಕ್ಕಿದ್ರು ಅಣ್ಣ” ಎಂದ ಅವನು.

ಗಂಡಿನ ಗಾಡಿ

ದಿಬ್ಬಣ ಹೊರಡುವುದು ಸಂಜೆಗೆ. ಬೆಳಿಗ್ಗೆಯೇ ಅತ್ತೆ ಮನೆಯ ಮುಂದೆ ಗಾಡಿಗೆ ಜಾಕು ಕೊಟ್ಟು ಹಿಂದಿನ ಎಡಗಡೆ ಚಕ್ರ ಬಿಚ್ಚಿದೆ. ಡ್ರಮ್ಮು ಜಂಗು ಹಿಡಿದು ಕೂತಿತ್ತು, ಸುತ್ತಿಗೆಯಲ್ಲಿ ತಟ್ಟಿ ತೆಗೆದೆ. ಆಗ ಮನೆಯ ಹಿತ್ತಲಿಂದ ಟಕ್, ಟಕ್ ಎಂದು ಇನ್ನೊಂದು ಸುತ್ತಿಗೆ ಸದ್ದು ಕೇಳಿಸಿತು. ಷಡ್ಡಕ! ಕುರಿ ಹಿಂಡು ಅಡ್ಡ ಬಂದ ದಿನದಿಂದ ಅವನ ಗಾಡಿಯೂ ಕಿರುಗುಟ್ಟುತ್ತಿತ್ತು.

ಇವನು ನನಗಿಂತ ಮೊದಲು ಮುಗಿಸಿಬಿಟ್ಟರೆ? ಮೈಯೆಲ್ಲ ಉರಿದುಹೋಯಿತು. ಬೇಗ ಆಗಲಿ ಎಂದು ಗಾಡಿಯನ್ನು ಕಲ್ಲಿನ ಮೇಲೆ ಕೂರಿಸಿ ಬಲಗಡೆಯದನ್ನೂ ಬಿಚ್ಚಿದೆ. ಎರಡೂ ಕಡೆಯ ಶೂ, ಸ್ಪ್ರಿಂಗು, ಪಿನ್ನು ಎಲ್ಲವನ್ನೂ ಅತ್ತೆಯ ಮೊರದಲ್ಲಿ ಹಾಕಿಕೊಂಡು ಕೂತೆ. ಆಮೇಲೆ ಹೇಗೆ ಜೋಡಿಸಿದರೂ ಒಂದು ಸ್ಪ್ರಿಂಗು ಉಳಿಯುತ್ತಿತ್ತು. ಮೆಕ್ಯಾನಿಕ್ಕು ಫೋನು ಎತ್ತಲಿಲ್ಲ. ಉಳಿದದ್ದು ಒಂದೇ ದಾರಿ. ಷಡ್ಡಕನದು ಇದೇ ಮಾಡೆಲ್ಲು. ಏನೂ ಗೊತ್ತಿಲ್ಲದವನ ಹಾಗೆ ಹೋಗಿ ಅವನ ಚಕ್ರ ನೋಡಿಕೊಂಡು ಬರುವುದು.

ಬಚ್ಚಲ ಮನೆಯ ಮೂಲೆ ತಿರುಗಿದರೆ, ಎದುರಿಗೆ ಅವನೇ. ಕೈಯೆಲ್ಲ ಕಪ್ಪು.

“ಎಲ್ಲಿಗಪ್ಪ?” ಎಂದೆ.

“ಸುಮ್ಕೆ, ನಿಮ್ ಚಕ್ರ ನೋಡ್ಕೊಂಡು ಬರವಾ ಅಂತ. ನೀವೆಲ್ಲಿಗಣ್ಣ?”

“ನಿನ್ ಚಕ್ರ ನೋಡವಾ ಅಂತ.”

ಒಬ್ಬರ ಕಪ್ಪು ಕೈ ಇನ್ನೊಬ್ಬರು ನೋಡಿಕೊಂಡೆವು. “ಎಲ್ಡೂ ಬಿಚ್ಬುಟ್ಯಾ?” ಎಂದೆ ಮೆಲ್ಲಗೆ.

“ನಿಮ್ ಸುತ್ತಿಗೆ ಸದ್ದು ಕೇಳಿಸ್ತಲ್ಲ ಅಣ್ಣ!” ಎಂದ ಅಳುವವನ ಹಾಗೆ.

ಹಿತ್ತಲಿಗೆ ಹೋಗಿ ನೋಡಿದರೆ ಅವನೂ ಎಲ್ಲವನ್ನೂ ಒಂದು ಮೊರಕ್ಕೇ ಹಾಕಿಕೊಂಡಿದ್ದ, ಅದರಲ್ಲಿ ಎರಡು ಸ್ಪ್ರಿಂಗು ಉಳಿದಿದ್ದವು. ಆ ಹೊತ್ತಿನಲ್ಲೂ ನನಗೆ ಒಂದಿಷ್ಟು ಸಮಾಧಾನವಾಯಿತು.

ಸಂಜೆ ಊರಿನ ಹಾಲಿನ ಗಾಡಿಯಿಂದ ಕ್ಯಾನು ಇಳಿಸಿ ತೊಳೆದರು. ನಾನು ತಂದ ಹಾರ, ಷಡ್ಡಕ ತಂದ ಹಾರ, ಎರಡೂ ಅದರ ಕೊರಳಿಗೇ ಬಿದ್ದವು. ಮದುವೆಗಂಡು ಡ್ರೈವರ್ ಪಕ್ಕ ಕೂತ. ಅತ್ತೆ ಹತ್ತುವ ಮುಂಚೆ ಚಕ್ರವಿಲ್ಲದೆ ಕಲ್ಲಿನ ಮೇಲೆ ಕೂತಿದ್ದ ನನ್ನ ಗಾಡಿ ನೋಡಿದರು, ಹಿತ್ತಲಿಗೆ ಹೋಗಿ ಅವನದನ್ನೂ ನೋಡಿ ಬಂದರು. ಬೈಯುತ್ತಾರೆ ಎಂದು ಇಬ್ಬರೂ ತಲೆ ತಗ್ಗಿಸಿದೆವು.

“ಅಂತೂ ಎಲ್ಡು ಗಾಡಿ ಸದ್ದೂ ನಿಂತೋಯ್ತಲ್ಲ, ಒಳ್ಳೇದಾಯ್ತು ಬುಡಿ” ಎಂದರು ಅತ್ತೆ. “ಬೀಗರೂಟಕ್ಕೆ ಕೋಳಿ ಬೇಕು. ಇವತ್ತು ಒಂದೂ ಮೆದೆ ಅತ್ತಿಲ್ಲ. ಅಳಿಯಂದ್ರು ಇಬ್ರೂ ಇಡ್ದು ಪಂಜ್ರಕ್ಕೆ ಆಕಿ, ಆಮ್ಯಾಕೆ ಬಸ್ಸಲ್ಲಿ ಬನ್ನಿ.”