ಜಪ್ತಿಯಾದ ಚಿರತೆಗಳು

ಉಗ್ರಾಣಿಯ ಬೆಲ್ಟಿನಲ್ಲಿ ಇನ್ನೊಂದು ತೂತು ಕೊರೆಯಲು ಜಾಗ ಉಳಿದಿರಲಿಲ್ಲ. ಹಾಗೆಂದು ಅವನು ಚಿಂತೆಗೆ ಬಿದ್ದನೆಂದು ಯಾರೂ ತಿಳಿಯಬೇಕಾಗಿಲ್ಲ. ದಂಡಿನ ಉಗ್ರಾಣದಲ್ಲಿ ಬೆಲ್ಟುಗಳಿಗೆ ಬರವೇ? ಬೀಗದ ಕೈ ಗೊಂಚಲು ಅವನ ಸೊಂಟದಲ್ಲೇ ನೇತಾಡುತ್ತಿತ್ತು, ಉದ್ದದ್ದೊಂದನ್ನು ಎಳೆದುಕೊಂಡರಾಯಿತು. ದೇಶ ಕಾಯುತ್ತೇನೆಂದು ಸೈನ್ಯಕ್ಕೆ ಸೇರಿದ ಮನುಷ್ಯ ಕಂಬಳಿ, ಬೂಟು, ಬಕೆಟ್ಟುಗಳನ್ನು ಕಾಯುತ್ತ ಕುಳಿತು, ಕುಳಿತಲ್ಲೇ ಬೆಳೆದಿದ್ದ. ಎತ್ತರಕ್ಕಲ್ಲ, ಅಗಲಕ್ಕೆ.

ವರ್ಷಕ್ಕೊಮ್ಮೆ ಬರುವ ದೇಹದಾರ್ಢ್ಯ ಪರೀಕ್ಷೆಯನ್ನು ಅವನು ಇಷ್ಟು ದಿನ ಮಂಡಿನೋವಿನ ನೆಪದಲ್ಲೇ ದಾಟಿದ್ದ. ಪರೀಕ್ಷೆಯ ವಾರ ಕಾಣಿಸಿಕೊಂಡು ಮರುವಾರ ಮಾಯವಾಗುವ ಶಿಸ್ತಿನ ನೋವು ಅದು. ಆದರೆ ಹೊಸದಾಗಿ ಬಂದ ಕರ್ನಲ್ ಸಾಹೇಬರು ನೋವುಗಳನ್ನೆಲ್ಲ ರದ್ದು ಮಾಡಿದ್ದರು. ಅಡುಗೆಯವನಿರಲಿ, ಗುಮಾಸ್ತನಿರಲಿ, ಎಲ್ಲರೂ ಮೈದಾನದ ಸುತ್ತ ಓಡಬೇಕು. ಸೋತವರು ಕೊಬ್ಬಿನ ಪಡೆಗೆ.

ಕೊಬ್ಬಿನ ಪಡೆಯೆಂದರೆ ಹೊಟ್ಟೆ ಕರಗುವವರೆಗೆ ದಿನಾ ಮುಂಜಾನೆ ಓಡಿಸುವ ಪಡೆ. ಓಡುವುದು ಹೋಗಲಿ, ಓಡಿಸುವವನು ಯಾರು? ಪೀಪಿ ಮಾಸ್ತರ. ಕೊರಳಲ್ಲಿ ಪೀಪಿ ಇಲ್ಲದೆ ನಿದ್ದೆ ಬಾರದ ಆ ಕಸರತ್ತಿನ ಮಾಸ್ತರ ಇಡೀ ದಂಡಿಗೇ ಅತಿ ವೇಗದ ಓಟಗಾರ. ಉಗ್ರಾಣಿಗೆ ಅವನು ಸಾಕ್ಷಾತ್ ಹೆಂಡತಿಯ ತಮ್ಮ.

ಮನೆಯಲ್ಲಿ ಉಗ್ರಾಣಿಯದು ರಾಜದರ್ಬಾರು. ಬೆತ್ತದ ಕುರ್ಚಿ ಅವನದು, ಪಕ್ಕದ ಮೋಟು ಸ್ಟೂಲು ಭಾವಮೈದುನನದು. "ನೀರು ತಗೊಂಡ್ ಬಾರೋ" ಎಂದು ಇವನು ಕುಳಿತಲ್ಲಿಂದಲೇ ಅನ್ನಬೇಕು, ದಂಡನ್ನೇ ನಡುಗಿಸುವ ಪೀಪಿ ಮಾಸ್ತರ "ತಂದೆ ಭಾವ" ಎಂದು ಏಳಬೇಕು. "ಪೀಪಿ ಊದೋದಕ್ಕೂ ಸಂಬಳ ಕೊಡ್ತಾರಲ್ಲ, ಸರ್ಕಾರದ ದುಡ್ಡಿಗೆ ಬೆಲೆಯೇ ಇಲ್ಲ" ಎಂದು ಊಟದ ಹೊತ್ತಿಗೆ ಒಮ್ಮೆಯಾದರೂ ಹಂಗಿಸದಿದ್ದರೆ ಉಗ್ರಾಣಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ. ಈಗ ಅದೇ ಪೀಪಿಗೆ ಇವನು ಕುಣಿಯಬೇಕಾದ ಕಾಲ ಬಂದಿತ್ತು. ಹಾಗೇನಾದರೂ ಆದರೆ ಬೆತ್ತದ ಕುರ್ಚಿಯ ಮೇಲೆ ಯಾವ ಮುಖ ಹೊತ್ತು ಕೂರುವುದು?

ಪರೀಕ್ಷೆಯ ದಿನ ಬೆಳಗಾಗುತ್ತಲೇ ಉಗ್ರಾಣದ ಬಾಗಿಲಿಗೆ ಇಬ್ಬರು ಹಿತೈಷಿಗಳು ಬಂದರು. ಹಿತೈಷಿಗಳಿಗೆ ಇಂಥ ದಿನಗಳ ವಾಸನೆ ಬೇಗ ಬಡಿಯುತ್ತದೆ. ಅಡುಗೆಯವನ ಕೈಯಲ್ಲಿ ಹಸಿ ಮೊಟ್ಟೆಗಳಿದ್ದವು, ಗುಮಾಸ್ತನ ಕೈಯಲ್ಲಿ ಮೊಬೈಲು.

"ಕಣ್ಮುಚ್ಚಿ ನುಂಗಿಬಿಡಿ ಅಣ್ಣ. ಕಾಲಿಗೆ ಕಸುವು ಬರುತ್ತೆ" ಎಂದ ಅಡುಗೆಯವನು. ಅವನು ಮಾತ್ರ ನುಂಗಿರಲಿಲ್ಲ.

"ಮೊಟ್ಟೆ ಎಲ್ಲಾ ಹಳೇ ಕಾಲದ್ದು ಬಿಡಪ್ಪ. ಈಗೇನಿದ್ರೂ ಎನರ್ಜಿ ಡ್ರಿಂಕು" ಎಂದ ಗುಮಾಸ್ತ, ತಾನೇ ಕಂಡುಹಿಡಿದವನ ಹಾಗೆ. "ಒಂದು ಡಬ್ಬಿ ಕುಡಿದ್ರೆ ಅರ್ಧ ಗಂಟೇಲಿ ಏರುತ್ತೆ. ಇದರಲ್ಲಿ ಬರೆದಿದೆ ನೋಡಿ. ಆಮೇಲೆ ನಿಮ್ಮನ್ನ ಹಿಡಿಯೋಕೆ ಜೀಪು ಬೇಕು."

"ಈಗ ಅದನ್ನ ಎಲ್ಲಿಂದ ತರೋಣ?"

ಗುಮಾಸ್ತ ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕಿನ ಕಡೆ ನೋಡಿ ಕೆಮ್ಮಿದ.

ಹಿಂದಿನ ವಾರ ಹೊಸ ಹುಡುಗನೊಬ್ಬ ಇಂಥದ್ದನ್ನೇ ಕುಡಿದು ಓಡಿ, ಬವಳಿ ಬಂದು ಬಿದ್ದಿದ್ದ. ಅಂದಿನಿಂದ ಸಾಹೇಬರದು ಎರಡು ಹುಕುಂ. ಪರೀಕ್ಷೆಗೆ ಮುಂಚೆ ಎನರ್ಜಿ ಡ್ರಿಂಕ್ ಕುಡಿದವನು ನೇರ ಕೊಬ್ಬಿನ ಪಡೆಗೆ. ಡಾಕ್ಟರು ಎದುರಿಗೆ ನಿಲ್ಲದೆ ಪರೀಕ್ಷೆಯೇ ಇಲ್ಲ. ಪೀಪಿ ಮಾಸ್ತರ ಹುಡುಗರ ಪೆಟ್ಟಿಗೆಗಳನ್ನೆಲ್ಲ ತಡಕಾಡಿ ಸಿಕ್ಕಿದ ಡಬ್ಬಿಗಳನ್ನು ಜಪ್ತಿ ಮಾಡಿ, ಈ ಟ್ರಂಕಿಗೆ ತುಂಬಿ, "ಜೋಪಾನ ಭಾವ" ಎಂದು ಒಪ್ಪಿಸಿ ಹೋಗಿದ್ದ. ಡಬ್ಬಿಗಳ ಮೇಲೆ ಹಲ್ಲು ಕಿರಿದ ಚಿರತೆಯ ಚಿತ್ರವಿತ್ತು. ಟ್ರಂಕಿನ ಬೀಗದ ಕೈ ಎಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇಬ್ಬರನ್ನೂ ಸಾಗಹಾಕಿ ಉಗ್ರಾಣಿ ಬಾಗಿಲು ಹಾಕಿಕೊಂಡ. ಮೊದಲ ಸಾಲಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು, ಉಗ್ರಾಣದಲ್ಲಿದ್ದ ಅತಿ ದೊಡ್ಡ ನೀರಿನ ಬಾಟಲಿಗೆ ಸುರಿದುಕೊಂಡ. ಖಾಲಿ ಡಬ್ಬಿಗಳನ್ನು ಚಿರತೆಯ ಮುಖ ಮುಂದಾಗುವಂತೆ ಮತ್ತೆ ಜೋಡಿಸಿ ಬೀಗ ಹಾಕಿದ. ಕಳ್ಳತನದಲ್ಲೂ ಅಚ್ಚುಕಟ್ಟು ಬಿಡದ ಮನುಷ್ಯ. ಯಾವುದಕ್ಕೂ ಇರಲೆಂದು ಮೊಟ್ಟೆಗಳನ್ನೂ ನುಂಗಿದ.

ಮೈದಾನದಲ್ಲಿ ಎಲ್ಲರೂ ಸಾಲುಗಟ್ಟಿ ನಿಂತಾಗಿತ್ತು. ಸುತ್ತ ಎಳೆದಿದ್ದ ಸುಣ್ಣದ ಗೆರೆಯ ಪಕ್ಕ ಪೀಪಿ ಮಾಸ್ತರ ಪೀಪಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ. ಭಾವನ ಹೊಟ್ಟೆಯ ಮೇಲೆ ಅವನ ಕಣ್ಣು ಒಂದು ಗಳಿಗೆ ಹೆಚ್ಚೇ ನಿಂತಿತು.

"ಸಾಹೇಬ್ರು ಹೊರಟರಂತೆ" ಎಂದು ಗುಮಾಸ್ತ ಪಿಸುಗುಟ್ಟಿದ.

ಉಗ್ರಾಣಿ ಲೆಕ್ಕ ಹಾಕಿದ. ಈಗ ಕುಡಿದರೆ ಓಟದ ಹೊತ್ತಿಗೆ ಸರಿಯಾಗಿ ಏರುತ್ತದೆ. ಮಾತ್ರೆ ನೆಕ್ಕಿದಂಥ ರುಚಿಯ ಆ ಪಾನಕವನ್ನು ಒಂದು ಡಬ್ಬಿಯಷ್ಟು ಕಣ್ಣು ಮುಚ್ಚಿ ಗಟಗಟ ಇಳಿಸಿದ.

ಆದರೆ ದಂಡಿನಲ್ಲಿ ಹೊರಡುವುದು ಬೇರೆ, ಬರುವುದು ಬೇರೆ. ಸೂರ್ಯ ಬಂದ, ಸಾಹೇಬರು ಬರಲಿಲ್ಲ. ಬಂದದ್ದು ಉಗ್ರಾಣಿಯ ಮೈಗೆ ಶಕ್ತಿ. ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಕೈಗೆ ಸುಮ್ಮನಿರಲಾಗಲಿಲ್ಲ. ಮುಂದಿದ್ದವನ ಕಾಲರು ಸರಿಮಾಡಿದ, ಪಕ್ಕದವನ ಗುಂಡಿ ತಿರುಚಿದ, ಹಿಂದಿನವನಿಗೆ ಕಂಬಳಿಗಳ ವಿಧಗಳನ್ನು ಕೇಳದಿದ್ದರೂ ವಿವರಿಸಿದ.

"ಅಣ್ಣ, ಮೊಟ್ಟೆ ಕೆಲಸ ಮಾಡ್ತಿದೆ" ಎಂದ ಅಡುಗೆಯವನು ಹೆಮ್ಮೆಯಿಂದ.

ಹೊತ್ತೇರಿತು. ಏರಿದ ಶಕ್ತಿ ಯಾರಿಗೂ ಉಪಯೋಗವಿಲ್ಲದೆ ಇಳಿಯಿತು. ಕಾಲುಗಳು ತೂಕಡಿಸತೊಡಗಿದವು.

"ಇಳಿದುಹೋಯ್ತಾ?" ಗುಮಾಸ್ತ ಗಾಬರಿಗೊಂಡವನಂತೆ ಕೇಳಿದ. "ಇನ್ನೊಂದು ಏರಿಸಿಬಿಡಿ. ಅಗೋ, ಜೀಪಿನ ಸದ್ದು. ಬಂದೇ ಬಿಟ್ರು."

ಇನ್ನೊಂದು ಏರಿತು. ಬಂದದ್ದು ಸಾಹೇಬರ ಜೀಪಲ್ಲ, ತರಕಾರಿ ಗಾಡಿ. ಗುಮಾಸ್ತನ ಕಿವಿಗೆ ಮತ್ತೆ ಮತ್ತೆ ಜೀಪು ಕೇಳಿಸಿತು, ಮತ್ತೆ ಮತ್ತೆ ಬಾಟಲಿ ಮೇಲೆದ್ದಿತು. ಸಾಲಿನಲ್ಲಿ ಮಿಕ್ಕವರೆಲ್ಲ ಕುಡಿಯದೆ, ತಿನ್ನದೆ, ಗೊಣಗುತ್ತ ಹಾಯಾಗಿ ನಿಂತಿದ್ದರು. ಬಾಟಲಿ ಬರಿದಾಗುವ ಹೊತ್ತಿಗೆ ಉಗ್ರಾಣಿಯ ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಕುಡಿದದ್ದಷ್ಟೂ ಈಗ ಕೆಳಗೆ ಸೇರಿ, ಹೊರದಾರಿಗಾಗಿ ಒದೆಯತೊಡಗಿತು.

ಸಾಲು ಬಿಡಬೇಕಾದರೆ ಅಪ್ಪಣೆ ಬೇಕು. ಅಪ್ಪಣೆ ಕೊಡುವವನು ಪೀಪಿ ಮಾಸ್ತರ. ಉಗ್ರಾಣಿ ತುಟಿ ಕಚ್ಚಿದ, ಕಾಲ ಮೇಲೆ ಕಾಲು ಹೆಣೆದ, ಆಕಾಶ ನೋಡಿದ. ಮಾನ ಒಂದು ಕಡೆ, ಮೂತ್ರ ಒಂದು ಕಡೆ ಎಳೆದಾಡಿ, ಕೊನೆಗೆ ಮಾನ ಸೋತಿತು.

"ಲೋ, ಇಲ್ಲಿ ಬಾ" ಎಂದ ಮೆಲ್ಲಗೆ. "ಸ್ವಲ್ಪ ಹೋಗಿ ಬರ್ತೀನಿ."

"ಎಲ್ಲಿಗೆ?" ಎಂದ ಪೀಪಿ ಮಾಸ್ತರ, ಇಡೀ ಮೈದಾನಕ್ಕೆ ಕೇಳಿಸುವಂತೆ.

"ಎಲ್ಲಿಗೆ ಅಂದ್ರೆ... ಅಲ್ಲಿಗೇ."

"ಸಾಲು ಬಿಟ್ಟೋರು ಫೇಲು. ರೂಲು ನಂದಲ್ಲ, ಸಾಹೇಬರದು. ಮನೇಲೇ ಮುಗಿಸ್ಕೊಂಡು ಬರ್ಬೇಕಿತ್ತು ಭಾವ."

ಸಾಲಿಗೆ ಸಾಲೇ ನಕ್ಕಿತು. ನಗು ಕೇಳಿ ಉಗ್ರಾಣಿಯ ಹೊಟ್ಟೆಯೂ ಅಲುಗಿತು. ಆ ಗಳಿಗೆಯಲ್ಲಿ ಅದು ಅಲುಗಬಾರದಿತ್ತು.

ಉಗ್ರಾಣಿ ಕಾಲಿಗೆ ಬುದ್ಧಿ ಹೇಳಿದ.

ಮೈದಾನದ ಆ ತುದಿಯಲ್ಲಿ ಹೊಸ ಪಾಯಿಖಾನೆ ಇತ್ತು. ಸುಣ್ಣದ ಗೆರೆ ಹಿಡಿದು ಅವನು ಅದರತ್ತ ದೌಡಾಯಿಸಿದ. ಹಿಂದಿನಿಂದ ಪೀಪಿ ಕಿರುಚಿತು. "ನಿಲ್ಲಿ ಭಾವ, ನಿಲ್ಲಿ" ಎನ್ನುತ್ತ ಪೀಪಿ ಮಾಸ್ತರ ಬೆನ್ನಟ್ಟಿದ. ಎದೆಯ ತುಂಬ ಓಟದ ಪದಕಗಳನ್ನು ಗೆದ್ದವನಿಗೆ ಈ ಪೀಪಾಯಿ ಯಾವ ಲೆಕ್ಕ ಎಂದುಕೊಂಡು ಮೊದಲು ಹಗುರವಾಗಿಯೇ ಓಡಿದ. ಆಮೇಲೆ ಪೀಪಿ ಉಗಿದು ಓಡಿದ. ಆಮೇಲೆ ಬಾಯಿ ಬಿಟ್ಟುಕೊಂಡು ಓಡಿದ. ಮುಂದಿದ್ದ ಬೆನ್ನು ದೂರವಾಗುತ್ತಲೇ ಹೋಯಿತು.

ಪಾಯಿಖಾನೆಗೆ ಬೀಗ ಹಾಕಿತ್ತು. ಸಾಹೇಬರು ಬಂದು ನೋಡುವವರೆಗೆ ಫಳಫಳ ಇರಲೆಂದು ಬೀಗ ಜಡಿದ ಜಾಣ ಇದೇ ಉಗ್ರಾಣಿ. ಕೀಲಿ ಸೊಂಟದ ಗೊಂಚಲಿನಲ್ಲೇ ಇತ್ತು, ಆದರೆ ಅವಸರದ ಬೆರಳುಗಳಿಗೆ ಕಂಬಳಿ ಕಪಾಟಿನ ಕೀಲಿಯಾಯಿತು, ಬಕೆಟ್ಟಿನ ಕೋಣೆಯದಾಯಿತು, ಜಪ್ತಿ ಟ್ರಂಕಿನದೂ ಆಯಿತು, ಬೇಕಾದದ್ದು ಸಿಗಲಿಲ್ಲ. ಹಿಂದಿನಿಂದ ಹೆಜ್ಜೆಯ ಸದ್ದು ಹತ್ತಿರವಾಯಿತು. ಉಗ್ರಾಣಿ ಬೀಗಕ್ಕೊಂದು ಶಾಪ ಹಾಕಿ, ಅಡುಗೆಮನೆಯ ಹಿಂದಿನ ಹಳೆ ಪಾಯಿಖಾನೆಯನ್ನು ನೆನೆದು, ಮೈದಾನದ ಉಳಿದ ಅರ್ಧ ಸುತ್ತನ್ನು ಮೊದಲರ್ಧಕ್ಕಿಂತ ಜೋರಾಗಿ ಓಡಿದ. ಸರಿಯಾಗಿ ಅದೇ ಹೊತ್ತಿಗೆ ಗೇಟಿನಲ್ಲಿ ನಿಜವಾದ ಜೀಪು ಬಂತು. ಉಗ್ರಾಣಿ ಓಡುತ್ತಲೇ ಒಂದು ಸಲ್ಯೂಟ್ ಹೊಡೆದು, ಜೀಪನ್ನು ದಾಟಿ, ಮಾಯವಾದ.

ಹೊರಗೆ ಬಂದಾಗ ಅವನ ಮುಖದಲ್ಲಿ ಸನ್ಯಾಸಿಯ ಶಾಂತಿ ಇತ್ತು. ಬಾಗಿಲ ಮುಂದೆ ಕರ್ನಲ್ ಸಾಹೇಬರು ನಿಂತಿದ್ದರು. ಅವರ ಪಕ್ಕದಲ್ಲಿ ಪೀಪಿ ಮಾಸ್ತರ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. ಉಗ್ರಾಣಿಯ ಶಾಂತಿ ಅಲ್ಲಿಗೆ ಮುಗಿಯಿತು.

ಸಾಹೇಬರು ನೇರ ಸಾಲಿನ ಮುಂದೆ ಹೋಗಿ ನಿಂತರು. "ಡಾಕ್ಟರಿಗೆ ಜ್ವರ. ಬೆಳಿಗ್ಗೆಯಿಂದ ಅವರ ಮನೇಲೇ ಕೂತು ಎಬ್ಬಿಸೋಕೆ ನೋಡಿದೆ, ಏಳಲಿಲ್ಲ. ಅವರಿಲ್ಲದೆ ಯಾರೂ ಓಡೋ ಹಾಗಿಲ್ಲ. ಈ ವರ್ಷದ ಪರೀಕ್ಷೆ ರದ್ದು. ಎಲ್ಲರೂ ಪಾಸು ಅಂತ ಬರ್ಕೊಳ್ಳಿ."

ನೋವುಗಳನ್ನು ರದ್ದು ಮಾಡಿದ್ದವರು ಪರೀಕ್ಷೆಯನ್ನೇ ರದ್ದು ಮಾಡಿದ್ದರು. ಅಡುಗೆಯವನು ಗುಮಾಸ್ತನನ್ನು ತಬ್ಬಿಕೊಂಡ. ಬೆಳಗಿನಿಂದ ಜಾಗ ಬಿಟ್ಟು ಕದಲದ ಅಷ್ಟೂ ಸೋಮಾರಿಗಳು ದೇಹದಾರ್ಢ್ಯದಲ್ಲಿ ತೇರ್ಗಡೆಯಾಗಿ ತಿಂಡಿಗೆ ಹೊರಟರು. ಎಲ್ಲರೂ ಅಂದಮೇಲೆ ತಾನೂ ಪಾಸು. ಉಗ್ರಾಣಿಯ ಕಣ್ಣಲ್ಲಿ ನೀರು ತುಂಬಿತು. ಬೆತ್ತದ ಕುರ್ಚಿ ಉಳಿಯಿತು.

"ನೀನು ನಿಲ್ಲು" ಎಂದರು ಸಾಹೇಬರು.

ನಿಂತ.

"ನಮ್ಮ ದಂಡಿನ ಚಾಂಪಿಯನ್ ಇವನು. ಇವನನ್ನೇ ಅಷ್ಟು ಹಿಂದೆ ಹಾಕಿದೆಯಲ್ಲಯ್ಯ. ಏನು ತಿಂತೀಯ ನೀನು?"

ಚಿರತೆ ಎನ್ನಲು ಬಾಯಿ ಬರಲಿಲ್ಲ. ಸತ್ಯ ಹೇಳಿದರೆ ಜಪ್ತಿ ಮಾಲು ಕದ್ದವನಾಗುತ್ತಾನೆ. ಕೊಬ್ಬಿನ ಪಡೆಯ ಜೊತೆಗೆ ಬೀಗದ ಕೈಯೂ ಹೋಗುತ್ತದೆ. "ಮನೆ ಊಟ ಸರ್" ಎಂದ.

"ನಾನು ಕೊಟ್ಟ ಮೊಟ್ಟೆ ಸರ್" ಎಂದು ಅಡುಗೆಯವನು ದೂರದಿಂದ ತಿದ್ದಿದ.

"ಇಂಥ ಓಟ ಇಟ್ಕೊಂಡು ಬಕೆಟ್ಟು ಎಣಿಸ್ತಾ ಕೂತಿದ್ದೀಯ. ಮುಂದಿನ ತಿಂಗಳು ದಂಡುಗಳ ಓಟದ ಪಂದ್ಯ ಇದೆ. ನಮ್ಮ ಕಡೆಯಿಂದ ನೀನೇ ಓಡೋದು. ನಾಳೆಯಿಂದ ದಿನಾ ಮುಂಜಾನೆ ಅಭ್ಯಾಸ." ಸಾಹೇಬರು ಪೀಪಿ ಮಾಸ್ತರನ ಬೆನ್ನು ತಟ್ಟಿದರು. "ಇವನನ್ನ ನಿನ್ನ ಕೈಗೆ ಕೊಟ್ಟಿದ್ದೀನಿ. ಇವತ್ತಿನ ವೇಗ ಒಂದು ಚೂರೂ ಇಳಿಯಬಾರದು. ಹಾಗೇ ಆ ಜಪ್ತಿ ಮಾಡಿದ ಡಬ್ಬಿಗಳಿವೆಯಲ್ಲ, ಅದನ್ನೂ ಇವತ್ತೇ ನಾಶ ಮಾಡಿಬಿಡು. ಬೀಗದ ಕೈ ಇಸ್ಕೊ."

ಉಗ್ರಾಣಿಯ ಕೈಯಿಂದ ಬೀಗದ ಕೈ ಗೊಂಚಲು ಪೀಪಿ ಮಾಸ್ತರನ ಕೈಗೆ ಹೋಯಿತು. ಕೊಬ್ಬಿನ ಪಡೆಗೆ ಭಾನುವಾರ ರಜೆಯಾದರೂ ಇತ್ತು. ಪಂದ್ಯದ ಅಭ್ಯಾಸಕ್ಕೆ ಅದೂ ಇಲ್ಲವೆಂದು ಆಗ ಉಗ್ರಾಣಿಗೆ ನೆನಪಾಯಿತು.

ಮಧ್ಯಾಹ್ನ ಮನೆಗೆ ಬಂದಾಗ ಬೆತ್ತದ ಕುರ್ಚಿಯಲ್ಲಿ ಪೀಪಿ ಮಾಸ್ತರ ಕುಳಿತಿದ್ದ.

"ಬನ್ರೀ, ಈಗ ತಾನೇ ತಮ್ಮ ಎಲ್ಲಾ ಹೇಳಿದ" ಎಂದಳು ಹೆಂಡತಿ, ಮದುವೆಯಾದಾಗಿನಿಂದ ಕಾಣದಿದ್ದ ಮೆಚ್ಚಿಗೆಯಿಂದ. "ನಿಮ್ಮ ಮೈಯಲ್ಲಿ ಇಷ್ಟೊಂದು ಓಟ ಇತ್ತು ಅಂತ ನನಗೇ ಗೊತ್ತಿರ್ಲಿಲ್ಲ. ಎಣ್ಣೇದು, ಸಿಹಿ, ಅನ್ನ ಎಲ್ಲಾ ಇವತ್ತಿಂದ ಬಂದ್ ಅಂತೆ. ಬೇಯಿಸಿದ ತರಕಾರಿ ಮಾಡಿಟ್ಟಿದ್ದೀನಿ."

ಅವಳು ಒಳಗೆ ಹೋದಳು. ಉಗ್ರಾಣಿ ಕುರ್ಚಿಯನ್ನು ನೋಡಿದ, ಕುರ್ಚಿಯಲ್ಲಿದ್ದವನನ್ನು ನೋಡಿದ, ಸ್ಟೂಲಿನ ಮೇಲೆ ಕುಳಿತ. ಅದು ಕಿರುಗುಟ್ಟಿತು.

"ಟ್ರಂಕು ತೆಗೆದೆ ಭಾವ" ಎಂದ ಪೀಪಿ ಮಾಸ್ತರ ಮೃದುವಾಗಿ. "ಮೊದಲನೇ ಸಾಲು ಪೂರ್ತಿ ಟೊಳ್ಳು."

ಉಗ್ರಾಣಿ ಅಡುಗೆಮನೆಯ ಬಾಗಿಲ ಕಡೆ ಕಣ್ಣು ಹಾಯಿಸಿದ.

"ಹೆದರ್ಬೇಡಿ. ಡಬ್ಬಿಗಳೆಲ್ಲ ನಾಶ ಆದ್ವು ಅಂತ ಸಾಹೇಬರಿಗೆ ಹೇಳಿದ್ದೀನಿ, ಸುಳ್ಳೇನಲ್ಲವಲ್ಲ. ಉಳಿದಿದ್ದನ್ನ ಚರಂಡಿಗೆ ಸುರಿದೆ. ಒಂದೂ ಬಿಟ್ಟಿಲ್ಲ. ನಮ್ಮ ಅಕ್ಕನ ಗಂಡ ನೀವು, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಆದ್ರೆ ಸಾಹೇಬ್ರು ವೇಗ ಇಳೀಬಾರ್ದು ಅಂದಿದ್ದಾರೆ ನೋಡಿ. ನಾಳೆಯಿಂದ ಅದಿಲ್ದೇ ಅಷ್ಟೇ ಜೋರಾಗಿ ಓಡ್ಬೇಕು."

ಕುರ್ಚಿಯ ಬೆನ್ನಿಗೆ ಹಾಯಾಗಿ ಒರಗಿ ಅವನು ಕಾಲು ಚಾಚಿದ.

"ಬಾಯಾರಿಕೆ ಆಗ್ತಿದೆ ಭಾವ. ಒಂದು ಲೋಟ ನೀರು ತನ್ನಿ."

ಉಗ್ರಾಣಿ ಸ್ಟೂಲಿನಿಂದ ಎದ್ದು, ಕಾಲೆಳೆದುಕೊಂಡು ಅಡುಗೆಮನೆಯತ್ತ ಹೊರಟ. ಬೆನ್ನ ಹಿಂದೆ ಪೀಪಿ ಮೆಲ್ಲಗೆ ಒಮ್ಮೆ ಕೂಗಿತು.

"ನಡ್ಕೊಂಡಲ್ಲ ಭಾವ. ಓಡ್ಕೊಂಡು."