ಕೊಡಲು ಸುರಕ್ಷಿತವಾದ ಮೀನು

ಎರಡೂ ಕೈ ಚಾಚಿ, ತಲೆ ಬಾಗಿಸಿ ಎಲ್ಲರೂ ತಗೋತಾರೆ. ಒಬ್ಬರೂ ಬಾಯಿಗೆ ಹಾಕೋದಿಲ್ಲ. ಊರೆಲ್ಲ ಸುತ್ತಿ ಬಂದರೂ ಒಂದು ಮುಳ್ಳು ಕದಲಿಲ್ಲ. ಏನದು? ಗೊತ್ತಾಗಲಿಲ್ಲ ತಾನೆ? ಗೊತ್ತಾಗುವುದೂ ಇಲ್ಲ, ಬಿಡಿ.

ಜಪಾನಿನ ಈಶಾನ್ಯ ಕರಾವಳಿಯ ಅಣುಸ್ಥಾವರ ಒಡೆದು ಅದರ ವಿಷದ ನೀರು ಕಡಲು ಸೇರಿದ ಮೇಲೆ, ಕಡಲು ಸಂಪೂರ್ಣ ಸುರಕ್ಷಿತವಾಗಿದೆಯೆಂದು ಸ್ಥಾವರದ ಕಂಪನಿಯು ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸಿತು. ಮೀನು ಮಾತ್ರ ಯಾರೂ ಕೊಳ್ಳಲಿಲ್ಲ. ಯಾರಾದರೂ ತಿಂದು ತೋರಿಸುವವರೆಗೆ ದೋಣಿ ಇಳಿಸತಕ್ಕದ್ದಲ್ಲ ಎಂದು ಮೀನುಗಾರರ ಸಂಘ ನಿಯಮ ಮಾಡಿತು. ಮೀನುಗಾರರೇ ತಿಂದರೆ ಲೆಕ್ಕಕ್ಕಿಲ್ಲ; ಅವರಿಗೆ ಅಭ್ಯಾಸ.

ಮೀನುಗಾರ ಕೊನ್ನೋ ತೊಕುಜಿಯ ದೋಣಿ ದಡದಲ್ಲೇ ಬಿರುಕು ಬಿಡತೊಡಗಿತು. ಆಗ ಕಂಪನಿಯ ಕ್ಷಮಾಪಣಾ ವಿಭಾಗದ ನಾಗುಮೊ ಎಂದಿನಂತೆ ಸಿಹಿತಿಂಡಿಯ ಡಬ್ಬಿ ಹಿಡಿದು ಬಂದ.

"ಕೊನ್ನೋ ಅವರೇ, ತುಂಬಾ ತೊಂದರೆ ಕೊಟ್ಟುಬಿಟ್ವಿ," ಎಂದು ಹಣೆಯನ್ನು ಚಾಪೆಗೆ ತಾಗಿಸಿದ.

"ಏಳಿ ಸಾರ್, ನಿಮ್ಮ ಹಣೆಗೆ ನಮ್ಮ ಚಾಪೆ ಸವೀತಿದೆ," ಅಂದಳು ತೊಕುಜಿಯ ಹೆಂಡತಿ ಫುಸಾಎ.

ತೊಕುಜಿ ಒಳಗಿಂದ ಒಂದು ಚಪ್ಪಟೆ ಮೀನು ತಂದ. ಅದರ ಎರಡು ಕಣ್ಣೂ ಒಂದೇ ಮಗ್ಗುಲಿಗೆ, ಕಂಪನಿಯ ವರದಿಯ ಹಾಗೆ. ಬಾಲಕ್ಕೆ ಗುರುತಿಗೆಂದು ಕತ್ತರಿ ಆಡಿಸಿದ್ದ.

"ಉಡುಗೊರೆ ತಗೊಂಡು ಬರಿಗೈಲಿ ಕಳಿಸೋ ಮನೆ ಅಲ್ಲ ನಮ್ಮದು. ಬೆಳಿಗ್ಗೆ ಕಟ್ಟೆ ಮೇಲಿಂದ ಗಾಳ ಹಾಕಿ ಹಿಡಿದದ್ದು. ಇಲ್ಲೇ ಕೊಯ್ದು ಕೊಡ್ಲಾ?"

ನಾಗುಮೊ ಬೆವೆತ. ಬೇಡವೆಂದರೆ ಕಡಲು ಸುರಕ್ಷಿತವಲ್ಲ ಎಂದಂತೆ. ತಿಂದರೆ, ತಿಂದಂತೆ.

"ಛೆ ಛೆ, ಇಂಥ ಮೀನು ನನ್ನಂಥ ಚಿಕ್ಕವನಿಗೆ ಸಲ್ಲೋದಲ್ಲ. ಮೇಲಿನವರಿಗೇ ಮುಟ್ಟಿಸ್ತೀನಿ!"

ಮುಟ್ಟಿಸಿದ. ಮ್ಯಾನೇಜರು ತಾವು ಅನರ್ಹರೆಂದು ನಿರ್ದೇಶಕರಿಗೆ ಕೊಟ್ಟರು. ನಿರ್ದೇಶಕರು ಐಸಿನಲ್ಲಿಟ್ಟು, ರೇಷ್ಮೆ ಬಟ್ಟೆ ಸುತ್ತಿ ಮಂತ್ರಿಗಳಿಗೆ ಅರ್ಪಿಸಿದರು. ಕರಾವಳಿಯ ಜನರ ತ್ಯಾಗ ನೆನೆದು ಮಂತ್ರಿಗಳು ಕಣ್ಣೀರಿಟ್ಟು, ಇದು ಆ ಜನರಿಗೇ ಸಲ್ಲಬೇಕೆಂದು ಅಪ್ಪಣೆ ಮಾಡಿದರು. ನಾಗುಮೊ ರೇಷ್ಮೆ ಗಂಟು ಹೊತ್ತು ತೊಕುಜಿಯ ಮನೆಗೇ ಬಂದ.

"ರೀ, ಬಾಲ ನೋಡಿ! ನಿಮ್ಮದೇ ಕತ್ತರಿ," ಎಂದು ಫುಸಾಎ ನಕ್ಕಳು. "ನೀವು ಕಾಣದ ಮನೆಗಳನ್ನೆಲ್ಲ ಕಂಡು ಬಂದಿದೆ ಈ ಪುಣ್ಯಾತ್ಮ!"

ಮರುದಿನ ಕಂಪನಿಯ ಪ್ರಕಟಣೆ ಬಂತು: "ಸದರಿ ಮೀನನ್ನು ಯಾರೊಬ್ಬರೂ ನಿರಾಕರಿಸಿಲ್ಲವಾದ್ದರಿಂದ, ಈ ಕರಾವಳಿಯ ಮೀನು ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಸುರಕ್ಷಿತ. ತಿನ್ನುವ ವಿಚಾರ ಈ ಪ್ರಕಟಣೆಯ ವ್ಯಾಪ್ತಿಗೆ ಬರುವುದಿಲ್ಲ."

ಸಂಘ ಚಪ್ಪಾಳೆ ತಟ್ಟಿ ನಿಯಮ ತಿದ್ದಿತು. ಉಡುಗೊರೆ ಮೀನು ಹಿಡಿಯಲು ತೊಕುಜಿಯ ದೋಣಿಗೆ ಅನುಮತಿ ಸಿಕ್ಕಿತು.

"ಇನ್ನೂ ಹಿಡಿಯೋ ಕಷ್ಟ ಯಾಕ್ರೀ? ತಿರುಗಾಡೋಕೆ ಇರೋ ಒಂದೇ ಸಾಕಲ್ಲ," ಅಂದಳು ಫುಸಾಎ.

ತೊಕುಜಿ ದೋಣಿಯ ಬಿರುಕಿಗೆ ಅಂಟು ಮೆತ್ತಿದ.

ಆ ಸಂಜೆ ನಾಗುಮೊ ಆ ಮೀನಿನ ಒಂದು ತುಂಡು ಬಾಯಿಗಿಟ್ಟು, ಅಗಿದು, ನುಂಗಿ, "ರುಚಿಯಾಗಿದೆ" ಅಂದ.

ಇದೊಂದು ಮಾತ್ರ ನಾನು ಕಟ್ಟಿದ್ದು. ಮಿಕ್ಕಿದ್ದೆಲ್ಲ ಪ್ರಕಟಣೆಯಲ್ಲೇ ಇದೆ.