‘ನಿರ್ಧೂಮ’ಕ್ಕೆ ಬಂದ ಫೋನು

ಇದು ನಡೆದ ಕತೆ. ಕುಮಟೆಯಲ್ಲಿ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಗುರುದತ್ತನನ್ನು ಮಾತ್ರ ಕೇಳಬೇಡಿ, ಹೊಡೆಯಲು ಬಂದಾನು.

ಎಲ್ಲದಕ್ಕೂ ಮೂಲ ಒಂದು ಫೋನ್ ನಂಬರು. ‘ನಿರ್ಧೂಮ’ ಪಾಕ್ಷಿಕದ ಮುಖಪುಟದಲ್ಲಿ, ನಗುವ ಸೂರ್ಯನ ಚಿತ್ರದ ಕೆಳಗೆ, ಸಂಪಾದಕ ಗುರುದತ್ತನ ಹೆಸರಿನ ಮುಂದೆ ಅಚ್ಚಾಗುತ್ತಿದ್ದ ನಂಬರು ಅವನದಲ್ಲ. ಎದುರಿನ ಹೊಲಿಗೆ ಅಂಗಡಿಯ ವನಮಾಲಕ್ಕನದು. ಪಕ್ಕದಲ್ಲಿ ‘ಪಿ.ಪಿ.’ ಎಂದಿರುತ್ತಿತ್ತು. ಎಂದರೆ, ಫೋನು ಬಂದರೆ ವನಮಾಲಕ್ಕ ಎತ್ತುವುದು, ಯಾರು, ಎಂತಕ್ಕೆ, ಊಟ ಆಯಿತೋ ಎಂದೆಲ್ಲ ವಿಚಾರಿಸುವುದು, ಸಮಾಧಾನವಾದ ಮೇಲೆ ರಸ್ತೆಗಿಳಿದು ‘ಗುರಣ್ಣಾ, ಫೋ...ನು!’ ಎಂದು ಕೂಗುವುದು. ಗುರುದತ್ತ ಓಡಿ ಬಂದು ಗೋಡೆಗೆ ಮುಖ ಹಾಕಿ ಮಾತಾಡುವುದು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕೇಳಿಸಿಕೊಂಡು ಸಲಹೆ ಕೊಡುವುದು.

ಗುರುದತ್ತ ಬಿ.ಎಸ್ಸಿ. ಓದಿದವನು. ಬ್ಯಾಟರಿ ಅಂಗಡಿಯ ಕೆಲಸ ಬಿಟ್ಟು ತೊಂಬತ್ತೆಂಟರಲ್ಲಿ ಪತ್ರಿಕೆ ತೆಗೆದ. ಬಿಸಿಲು, ಗಾಳಿ, ಸಗಣಿ, ಇವುಗಳಿಂದ ದೀಪ ಹಚ್ಚುವ ಸುದ್ದಿ ಬಿಟ್ಟು ಬೇರೇನೂ ಹಾಕುವುದಿಲ್ಲ ಎಂಬುದು ಅವನ ಪ್ರತಿಜ್ಞೆ. ಮೊದಲ ಎರಡು ವರ್ಷ ಪತ್ರಿಕೆ ಗಾಳಿಪಟದ ಹಾಗೆ ಏರಿತು. ಹೊನ್ನಾವರದ ಶಾಲೆಗಳು ತರಿಸಿದವು, ಭಟ್ಕಳದ ಪೇಟೆಯಲ್ಲಿ ನೇತು ಹಾಕಿದರು. ಕತಗಾಲದ ಒಬ್ಬರು ಗೋಬರ್ ಗ್ಯಾಸಿನಲ್ಲಿ ಕಾಸಿದ ಚಹಾದ ರುಚಿಯ ಬಗ್ಗೆ ಮೂರು ಕಂತು ಬರೆದರು. ಆಮೇಲೆ ಗಾಳಿ ನಿಂತಿತು. ಚೆಂದ ಇದೆ ಎಂದವರು ಚಂದಾ ಕಟ್ಟಲಿಲ್ಲ. ಮೀನು ಮಾರುವ ಗಂಗಾ ಮಾತ್ರ ತಪ್ಪದೆ ಒಯ್ಯುತ್ತಿದ್ದಳು, ಬಾಂಗಡೆ ಕಟ್ಟಲು ಕಾಗದ ಗಟ್ಟಿ ಎಂದು. ಊರವರ ಬಾಯಲ್ಲಿ ‘ನಿರ್ಧೂಮ’ ‘ನಿರ್ನಾಮ’ವಾಯಿತು.

ಪತ್ರಿಕೆ ಹೊಗೆಯಿಲ್ಲದ್ದಾದರೂ ಸಂಪಾದಕ ಮಾತ್ರ ಮೂರು ಹೊತ್ತೂ ಹೊಗೆಯಾಡುವವನು. ಕರೆಂಟು ಹೋದರೆ ಸಿಟ್ಟು. ಬಂದರೆ, ಅದು ಕಲ್ಲಿದ್ದಲಿನದು ಎಂದು ಸಿಟ್ಟು.

ಎರಡು ಸಾವಿರದ ಮೂರರ ಮೇ ತಿಂಗಳಿಗೆ ಲೆಕ್ಕ ಇಷ್ಟಕ್ಕೆ ಬಂದು ನಿಂತಿತು: ಶಾಲೆಗಳಿಗೆ ಹಂಚಲು ಪ್ರತಿ ಸಂಚಿಕೆಯ ಸಾವಿರ ಪ್ರತಿ ಕೊಳ್ಳಿರೆಂದು ಗುರುದತ್ತ ಇಂಧನ ಇಲಾಖೆಗೆ ಅರ್ಜಿ ಹಾಕಿದ್ದ. ಡೈರೆಕ್ಟರ್ ಸಾಹೇಬರು ಸಹಿ ಹಾಕಿದರೆ ಪತ್ರಿಕೆ ಉಳಿದೀತು. ಇಲ್ಲವಾದರೆ ಮುಂದಿನ ಸಂಚಿಕೆಯೇ ಕೊನೆಯದು. ಆ ಸಾಹೇಬರು ಅವತ್ತು ಜಿಲ್ಲೆಯ ಪ್ರವಾಸದಲ್ಲಿದ್ದರು.

ಬೆಳಿಗ್ಗೆ ಹತ್ತಕ್ಕೆ ವನಮಾಲಕ್ಕ ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದಳು. "ಗುರಣ್ಣಾ, ಡೈರೆಕ್ಟರ್ ಅಂತೆ ಮಾರಾಯಾ!"

ಗುರುದತ್ತ ಫೋನು ಹಿಡಿದ. ಆ ಕಡೆಯಿಂದ ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಬೆಳೆದ ದನಿ: "ನೋಡೀ ಇವರೇ... ನಿಮ್ಮ ಪತ್ರಿಕೆಯ ಭಾಷೆ ಸ್ವಲ್ಪ ಖಾರ. ಸಾವಿರ ಪ್ರತಿ ಬೇಕಾದರೆ ಸ್ವಲ್ಪ ಸಿಹಿ ಹಾಕಬೇಕಾಗುತ್ತೆ."

ಗುರುದತ್ತನಿಗೆ ತಟ್ಟನೆ ಹೊಳೆಯಿತು. ಇದು ಟೆಲಿಫೋನ್ ಲೈನ್‌ಮನ್ ಮಹಾಗಣಪತಿ! ಬಸ್ಸಿನ ಕಂಡಕ್ಟರನಿಂದ ಹಿಡಿದು ಗರ್ಭಿಣಿ ಬೆಕ್ಕಿನವರೆಗೆ ಯಾರ ದನಿಯನ್ನೂ ಬಿಡದ ಆಸಾಮಿ. ಹಿಂದಿನ ತಿಂಗಳಷ್ಟೇ ಕಲೆಕ್ಟರರ ದನಿಯಲ್ಲಿ ಫೋನು ಮಾಡಿ, ಏಪ್ರಿಲ್ ಬಿಸಿಲಿನಲ್ಲಿ ಗುರುದತ್ತನಿಗೆ ಕೋಟು ಹಾಕಿಸಿ ಮೂರು ತಾಸು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ.

"ಸಿಹಿ ಹಾಕುದಾ?" ಆ ಡೈರೆಕ್ಟರ್ ವೇಷಕ್ಕೇ ಉಗಿದುಬಿಡೋಣವೆಂದು ಗುರುದತ್ತ ಗರ್ಜಿಸಿದ. "ನಿಂಗೆಂತ ಮಾಡಿದ್ಯೆ ನಾನು? ಹಳೇ ಡೀಸೆಲ್ ಇಂಜಿನ್ನೇ! ಶಬ್ದ ಊರಿಗೆಲ್ಲ, ನೀರು ಎತ್ತುದು ಒಂದು ಚೊಂಬು! ಸಂತೆಗುಳಿಯಲ್ಲಿ ಸೋಲಾರ್ ದೀಪ ನಿಲ್ಸಿ ಹಾರ ಹಾಕ್ಸಿಕೊಂಡು ಹೋದ್ಯಲ್ಲ, ಅದು ಇವತ್ತಿಗೂ ಹತ್ತಿಲ್ಲ, ಗೊತ್ತುಂಟಾ? ಇಡು ಫೋನು!"

ಎಲ್ಲ ಮಹಾಗಣಪತಿಯ ಆಟ ಎಂದು ಅವನು ಫೋನಿಟ್ಟಾಗ ಅಂಗಡಿಗೆ ಅಂಗಡಿಯೇ ನಕ್ಕಿತು. ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದ ಕತಗಾಲದ ಅನೂಪ ಮಾತ್ರ ನಗಲಿಲ್ಲ.

"ಮಹಾಗಣಪತಿ ಅಂದ್ಯನಾ? ಅಂವ ಬೆಳಗಾ ಮುಂಚೆ ನಮ್ಮೂರ ಕಂಬ ಹತ್ತಿದವ, ಈಗ ನಾ ಬರಕಾರೂ ಕಂಬದ ಮೇಲೇ ಇದ್ದ. ಕಂಬದ ಮೇಲೆ ಕೂತವ ಫೋನ್ ಮಾಡುದು ಹ್ಯಾಂಗೆ?"

ವನಮಾಲಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು. "ಅಯ್ಯಯ್ಯೋ ಗುರಣ್ಣಾ! ಖುದ್ದು ಡೈರೆಕ್ಟರಿಗೇ ಡೀಸೆಲ್ ಇಂಜಿನ್ ಅಂದ್ಯಲ್ಲೋ!"

ಗುರುದತ್ತನ ಮುಖ ಒಗೆದು ಹಿಂಡಿದ ಪಂಚೆಯಂತಾಯಿತು. ಮುಂದಿನದನ್ನೆಲ್ಲ ವನಮಾಲಕ್ಕನೇ ನಿರ್ಧರಿಸಿದಳು. ಸಾಹೇಬರು ಹೊನ್ನಾವರದ ಬಂಗಲೆಯಲ್ಲಿದ್ದಾರೆ, ಹೋಗಿ ತಪ್ಪಾಯಿತು ಎನ್ನಬೇಕು, ಬರಿಗೈಲಿ ಹೋಗಬಾರದು. ಅಳ್ವೇಕೋಡಿಯ ಸಿಹಿ ಈರುಳ್ಳಿ ಹೆಣೆದ ಮೂರು ಜಡೆ ತರಿಸಿ ಅವನ ಎರಡೂ ಹೆಗಲಿಗೆ, ಕೊರಳಿಗೆ ಹಾಕಿಯೇಬಿಟ್ಟಳು. "ಸಿಹಿ ಕೇಳಿದ್ರಲ್ಲ, ಕೊಡು!"

ಬಸ್ಸಿನಲ್ಲಿ ಕೂತವರೆಲ್ಲ ಅವನ ಕೊರಳನ್ನು ಮುಟ್ಟಿ ಮುಟ್ಟಿ ಜಡೆಗೆ ಎಷ್ಟೆಂದು ಕೇಳಿದರು. ಹೊನ್ನಾವರದ ಬಂಗಲೆಯ ಜವಾನ ಒಂದು ಜಡೆ ಇಳಿಸಿಕೊಂಡ ಮೇಲೆಯೇ ಬಾಯಿಬಿಟ್ಟದ್ದು: "ಸಾಹೇಬ್ರು ಭಟ್ಕಳಕ್ಕೆ ಹೋದ್ರಲ್ಲ, ತೆಂಗಿನಗುಂಡಿಗೆ. ಗಾಳಿ ಅಳೀಲಿಕ್ಕೆ." ಭಟ್ಕಳದಲ್ಲಿ ರಿಕ್ಷಾದವನು ಇನ್ನೊಂದನ್ನು ಎಳೆದುಕೊಂಡು, "ಚಲೋ, ಬೈಠೋ" ಎಂದ. ಮಧ್ಯಾಹ್ನ ಎರಡರ ಬಿಸಿಲಿಗೆ ಗುರುದತ್ತ ತೆಂಗಿನಗುಂಡಿಯ ಮರಳಿನಲ್ಲಿ, ಕೊರಳಲ್ಲಿ ಕೊನೆಯ ಜಡೆ, ಬಗಲಲ್ಲಿ ‘ನಿರ್ಧೂಮ’, ಬೆನ್ನಲ್ಲಿ ಬೆವರಿನ ಶರಾವತಿ ಹರಿಸುತ್ತ ನಡೆದ.

ಸಾಹೇಬರು ತಲೆಗೆ ಟವೆಲು ಹಾಕಿಕೊಂಡು, ಗಾಳಿ ಅಳೆಯುವ ಎತ್ತರದ ಕಂಬದ ಬುಡದಲ್ಲಿ ನಿಂತಿದ್ದರು. ಅಂದು ತೆಂಗಿನ ಗರಿಯೂ ಅಲ್ಲಾಡುತ್ತಿರಲಿಲ್ಲ.

"ಸರ್," ಗುರುದತ್ತ ಕೈ ಮುಗಿದ, "ಬೆಳಿಗ್ಗೆ ಫೋನಿನಲ್ಲಿ ನಿಮ್ಮನ್ನು ಡೀಸೆಲ್ ಇಂಜಿನ್ ಅಂದವನು ನಾನೇ. ಕ್ಷಮಿಸಬೇಕು."

ಸಾಹೇಬರು ಕನ್ನಡಕ ತೆಗೆದರು. ದನಿ ಮೂಗಿನಿಂದಲೇ ಬಂತು. "ನೋಡೀ ಇವರೇ, ನಾನು ಯಾರಿಗೂ ಫೋನ್ ಮಾಡಿಲ್ಲವಲ್ಲ?"

ಗುರುದತ್ತನಿಗೆ ಹಿಂದೆ ಸರಿಯೋಣವೆಂದರೆ ಕಾಲು ಮರಳಿನಲ್ಲಿ ಹೂತಿತ್ತು.

"ಡೀಸೆಲ್ ಇಂಜಿನ್ನಾ? ಮತ್ತೇನೇನು ಅಂದಿರಿ?"

"ಬೇಡ ಸರ್."

"ಹೇಳಿ."

ಗುರುದತ್ತ ಹೇಳಿದ. ಮೊದಲ ವಾಕ್ಯ ಪಿಸುಮಾತಿನಲ್ಲಿತ್ತು. ಸಂತೆಗುಳಿ ಬರುವಷ್ಟರಲ್ಲಿ ಅವನಿಗೇ ಗೊತ್ತಿಲ್ಲದೆ ದನಿ ಏರಿತು. "ಹೌದು ಸರ್, ದೀಪ ಹತ್ತಿಲ್ಲ! ಬ್ಯಾಟರಿ ಎರಡೇ ವಾರಕ್ಕೆ ಯಾರದೋ ಜೀಪಿಗೆ ಹೋಯ್ತು. ಕಂಬ ಉಳಿದದೆ, ಜನ ಎಮ್ಮೆ ಕಟ್ತಾರೆ! ನಾನು ಆರು ಸಲ ಬರೆದೆ. ನಿಮ್ಮ ಆಫೀಸಿಗೆ ಐದು ವರ್ಷದಿಂದ ಪುಕ್ಕಟೆ ಪ್ರತಿ ಬತ್ತದೆ. ಒಬ್ಬರಾದ್ರೂ ಓದಿದ್ರಾ? ಗಂಗಾ ಬಾಂಗಡೆಯಾದ್ರೂ ಕಟ್ತಾಳೆ, ನೀವು ಅದನ್ನೂ ಕಟ್ಟುದಿಲ್ಲ! ಬಿಸಿಲು ಪುಕ್ಕಟೆ, ಗಾಳಿ ಪುಕ್ಕಟೆ, ಆದ್ರೆ ನಿಮ್ಮ ಭಾಷಣ ಕೇಳೂಕೆ ಮಾತ್ರ ಪ್ರತಿ ಸಲ ಡೀಸೆಲ್ ಜನರೇಟರು!"

ಸುತ್ತಲಿನ ಗುಮಾಸ್ತರು ಸಮುದ್ರವನ್ನು ಇವತ್ತೇ ಕಂಡವರಂತೆ ಅತ್ತ ನೋಡತೊಡಗಿದರು. ಸಾಹೇಬರು ಅವನ ಬಗಲಿನಿಂದ ಒಂದು ‘ನಿರ್ಧೂಮ’ ಎಳೆದುಕೊಂಡು, "ಸರಿ, ಹೋಗಿ" ಎಂದರು. ಈರುಳ್ಳಿಯನ್ನು ಡ್ರೈವರು ಇಳಿಸಿಕೊಂಡ.

ಸಂಜೆ ಆರೂವರೆಗೆ ಗುರುದತ್ತ ಕುಮಟೆಯ ಅಂಗಡಿ ತಲುಪಿದಾಗ ಸ್ಟೂಲಿನ ಮೇಲೆ ಮಹಾಗಣಪತಿಯೇ ಕೂತಿದ್ದ. ಸೊಂಟದಲ್ಲಿ ಲೈನು ಪರೀಕ್ಷಿಸುವ ಫೋನು ನೇತಾಡುತ್ತಿತ್ತು.

"ಸಿಟ್ಟು ಮಾಡ್ಬೇಡ್ವೋ ಗುರುದತ್ತಾ. ಕಂಬದ ಮೇಲೆ ಕೂತು ಬೇಜಾರು ಬಂದಿತ್ತು. ಇದನ್ನು ತಂತಿಗೆ ಕಚ್ಚಿಸಿದ್ರೆ ಆತು, ಎಲ್ಲಿಗೆ ಬೇಕಾದ್ರೂ ಫೋನು!"

ಗುರುದತ್ತ ದೊಡ್ಡ ಕತ್ತರಿ ಎತ್ತಿಕೊಂಡ. ಮಹಾಗಣಪತಿ ಹೊಲಿಗೆ ಯಂತ್ರದ ಸುತ್ತ ಮೂರು ಸುತ್ತು ಓಡಿ, ಚಪ್ಪಲಿ ಬಿಟ್ಟು ರಸ್ತೆಗೆ ಹಾರಿದ.

"ನನ್ನ ಐದು ವರ್ಷ ನೀರಿಗೆ ಹಾಕಿದ್ಯಲ್ಲೋ, ಹಲ್ಕಟ್!" ಎಂದು ಗುರುದತ್ತ ಕತ್ತರಿ ಎಸೆದು ಕೂತ. ಕೂತವನು ತೆಂಗಿನಗುಂಡಿಯ ಕತೆಯನ್ನೆಲ್ಲ ಹೇಳಿದ. ಹೇಳುವಾಗ ಕಣ್ಣಲ್ಲಿ ನೀರಿತ್ತು. ವನಮಾಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಅಳುವೋ ನಗೆಯೋ ಎಂದು ತಿಳಿಯುವ ಮೊದಲೇ ಫೋನು ಬಡಿದುಕೊಂಡಿತು.

ಎತ್ತಿದ ವನಮಾಲಕ್ಕ ಫೋನನ್ನು ಕೆಂಡ ಹಿಡಿದಂತೆ ಹಿಡಿದು ಪಿಸುಗುಟ್ಟಿದಳು. "ಮತ್ತೆ ಅದೇ ಮೂಗು!"

"ಕೊಡು ಇಲ್ಲಿ," ಎಂದ ಗುರುದತ್ತ. ಒಂದೇ ದಿನದಲ್ಲಿ ಎರಡು ಸಲ ಬೀಳುವವನು ತಾನಲ್ಲ. ಈ ಸಲ ಸಿಟ್ಟಾಗುವುದೂ ಇಲ್ಲ. ಅಂಗಡಿಗೆಲ್ಲ ಕಣ್ಣು ಮಿಟುಕಿಸಿ, ಗೋಡೆಗೆ ಮುಖ ಹಾಕಿ ನಿಂತ. ಹಳೆಯ ಫೋನು, ಒಳಗಿನ ದನಿ ಅಂಗಡಿಗೆಲ್ಲ ಕೇಳುತ್ತಿತ್ತು.

"ನೋಡೀ ಇವರೇ, ಹೊನ್ನಾವರ ಬಂಗಲೆಯಿಂದ ಮಾತಾಡ್ತಿದೀನಿ. ಸಂತೆಗುಳಿಗೆ ಜನ ಕಳಿಸಿ ನೋಡಿಸಿದೆ. ಕಂಬಕ್ಕೆ ಎಮ್ಮೆ ಕಟ್ಟಿರೋದು ನಿಜ."

"ಒಂದಾ ಎರಡಾ ಸಾಹೇಬ್ರೇ?" ಎಂದು ಗುರುದತ್ತ ನಕ್ಕ. ಅಂಗಡಿಯೂ ನಕ್ಕಿತು.

"ನಗಬೇಡಿ. ನಿಮ್ಮ ಪತ್ರಿಕೆ ಪೂರ್ತಿ ಓದಿದೆ. ಇಂಥದ್ದು ಇರಬೇಕು. ಸಾವಿರದ ಫೈಲು ನನ್ನ ಮುಂದೇ ಇದೆ. ಹೂಂ ಅಂದರೆ ಈಗಲೇ ಸಹಿ ಹಾಕ್ತೀನಿ."

ಗುರುದತ್ತ ಹೊಟ್ಟೆ ಹಿಡಿದುಕೊಂಡ. "ಪೂರ್ತಿ ಓದಿದ್ರಂತೆ! ಕೇಳಿದ್ರೇನ್ರೋ!"

ಅಂಗಡಿ ಹೋ ಎಂದಿತು. ಅಷ್ಟರಲ್ಲಿ ಬಾಗಿಲಲ್ಲಿ ಬರಿಗಾಲ ಮಹಾಗಣಪತಿ ಕಾಣಿಸಿಕೊಂಡ. ರಾಜಿಗೆಂದು ಎರಡೂ ಕೈಯಲ್ಲಿ ಚಹಾದ ಲೋಟ, ಬಾಯಲ್ಲಿ ಬಿಸ್ಕೀಟು ಪೊಟ್ಟಣ ಕಚ್ಚಿಕೊಂಡಿದ್ದ.

ಮೊದಲು ವನಮಾಲಕ್ಕನ ನಗು ನಿಂತಿತು. ಆಮೇಲೆ ಪ್ಯಾಂಟು ಒಯ್ಯಲು ಬಂದಿದ್ದ ಅನೂಪನದು. ಉಳಿದವರದು ಒಂದೊಂದಾಗಿ, ಬೀದಿಯ ದೀಪ ಆರಿದಂತೆ.

"ಗುರಣ್ಣಾ..." ಎಂದಳು ವನಮಾಲಕ್ಕ, ಬಾಗಿಲ ಕಡೆ ಕೈ ತೋರಿಸುತ್ತ.

ಗುರುದತ್ತ ತಿರುಗದೆಯೇ ಕೈ ಬೀಸಿ ಅವಳನ್ನು ಸುಮ್ಮನಾಗಿಸಿದ.

"ಏನ್ ಹೇಳ್ತೀರಿ? ಬೇಡ ಅಂದರೆ ಫೈಲು ಮುಚ್ಚಬೇಕಾಗುತ್ತೆ," ಎಂದಿತು ಮೂಗು.

"ಮುಚ್ಚು ಮಾರಾಯಾ, ಮುಚ್ಚು! ಫೈಲೂ ಮುಚ್ಚು, ಪೇಪರೂ ಮುಚ್ಚು, ಹಾಂಗೇ ನಿನ್ನ ಬಾಯೂ ಮುಚ್ಚು!"

"ಸರಿ. ಮುಚ್ಚಿದೆ."

ಆ ಕಡೆ ಫೋನು ಕೆಳಗಿಟ್ಟ ಸದ್ದು ಅಂಗಡಿಗೆಲ್ಲ ಕೇಳಿಸಿತು. ಗೋಡೆಗೆ ಹಣೆ ಒತ್ತಿ, ಹೆಗಲು ಕುಣಿಸುತ್ತ, ಗುರುದತ್ತನೊಬ್ಬನೇ ಇನ್ನೂ ಜೋರಾಗಿ ನಗುತ್ತಿದ್ದ.